ಸಹಾಯ ಬೇಕು: ಕಣ್ಣೋಟ ಮತ್ತು ಕೆನ್ನೆಯ ಸ್ನಾಯುವಿನಿಂದ ಕಂಪ್ಯೂಟರ್ ಬಳಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮೂರಿನಲ್ಲಿ ಅಡಿಕೆ ಗೊನೆ ಕೊಯ್ಲಿನ ವೇಳೆ ಮರದಿಂದ ಬಿದ್ದು ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದ ನನ್ನ ಅಣ್ಣನಿಗೆ ಕೈಕಾಲುಗಳು ಆಡುವುದಿಲ್ಲ. ಆದರೆ ಕಣ್ಣು, ಹುಬ್ಬು, ಕೆನ್ನೆಗಳ ಚಲನೆ ಪೂರ್ತಿಯಾಗಿ ಉಳಿದಿದೆ. ಅವನು ಮತ್ತೆ ತಾನೇ ಓದಿ ಬರೆಯುವಂತಾಗಬೇಕೆಂಬುದು ಮನೆಯವರೆಲ್ಲರ ಆಸೆ.

ವಿಂಡೋಸ್ 10ರಲ್ಲೇ ಕಣ್ಣೋಟದಿಂದ ನಿಯಂತ್ರಿಸುವ ಸೌಲಭ್ಯ ಬಂದಿದ್ದು, ಅದಕ್ಕೆ ಹೊಂದುವ, ಟೋಬಿ ಕಂಪನಿಯದರಂತಹ ನೋಟ ಗುರುತಿಸುವ ಸಾಧನವು ಕಣ್ಣಿಗೆ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೀರಿ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಪ್ರತಿಫಲನ ಹಾಗೂ ಪಾಪೆಯ ಸ್ಥಾನದಿಂದ ದೃಷ್ಟಿ ಎಲ್ಲಿ ನೆಟ್ಟಿದೆಯೆಂದು ಲೆಕ್ಕ ಹಾಕುತ್ತದೆ. ಆದರೆ ನೋಟ ನಿಂತಲ್ಲೆಲ್ಲ ಕ್ಲಿಕ್ ಆಗುವ ವಿಧಾನದಲ್ಲಿ ಸುಮ್ಮನೆ ಓದುವುದಕ್ಕೂ ಆರಿಸುವುದಕ್ಕೂ ವ್ಯತ್ಯಾಸ ಉಳಿಯದೆ ಕಣ್ಣು ದಣಿಯುತ್ತದೆ. ಆದ್ದರಿಂದ ಗುರಿ ಹಿಡಿಯುವುದನ್ನು ಕಣ್ಣಿಗೆ ಬಿಟ್ಟು, ಕ್ಲಿಕ್ಕನ್ನು ಕೆನ್ನೆಗೆ ಅಂಟಿಸಿದ, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಹಿಡಿಯುವ ಇಎಂಜಿ ಎಲೆಕ್ಟ್ರೋಡಿನ ಸಂಕೇತಕ್ಕೆ ವಹಿಸುವುದೇ ಸರಿಯೆಂದು ನನಗೆ ತೋರುತ್ತದೆ.

ಶಿವಮೊಗ್ಗದ ಆಸುಪಾಸಿನಲ್ಲಿ ಇಂತಹ ಜೋಡಣೆ ಮಾಡಿದವರು, ಅಥವಾ ಎಲೆಕ್ಟ್ರಾನಿಕ್ಸ್ ಬಲ್ಲ ಅಧ್ಯಾಪಕರು, ವಿದ್ಯಾರ್ಥಿಗಳು ಇದ್ದರೆ ದಯವಿಟ್ಟು ತಿಳಿಸಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ಎಲೆಕ್ಟ್ರೋಡು ಚರ್ಮಕ್ಕೆ ಸರಿಯಾಗಿ ಅಂಟಿರುತ್ತದೆಯೇ, ಒತ್ತಕ್ಷರಗಳನ್ನೂ ಸಲೀಸಾಗಿ ಮೂಡಿಸುವ, ನೋಟದಿಂದಲೇ ಬಳಸಬಹುದಾದ ಕನ್ನಡ ಕೀಲಿಮಣೆ ಯಾವುದು ಎಂಬುದನ್ನು ಅನುಭವವಿದ್ದವರು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಕೊಳ್ಳುವ ಮೊದಲು ಸಾಧನವನ್ನು ಒಮ್ಮೆ ಬಳಸಿ ನೋಡುವ ಅವಕಾಶ ಸಿಕ್ಕರೆ ಅಣ್ಣನನ್ನು ಶಿವಮೊಗ್ಗಕ್ಕೆ ಕರೆತರಲು ಸಿದ್ಧರಿದ್ದೇವೆ.