ಥ್ರೆಡ್ ಲೈಬ್ರರಿಯನ್ನು ಆಯ್ಕೆ ಮಾಡುವುದು ಕಂಪೈಲರೋ ಲಿಂಕರೋ?

ಪ್ರಶ್ನೆ:
ಸಿ++ನ ಸ್ಟ್ಯಾಂಡರ್ಡ್ ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಬಳಸಿದ ಸಣ್ಣ ಪ್ರೋಗ್ರಾಮೊಂದು ಹಳೆಯ ಲಿನಕ್ಸ್ ಸರ್ವರಿನಲ್ಲಿ ತಕರಾರಿಲ್ಲದೆ ಕಂಪೈಲ್ ಆಗಿ, ಲಿಂಕ್ (ಕಂಪೈಲ್ ಆದ ತುಣುಕುಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಹಂತ) ಕೂಡ ಆಗುತ್ತದೆ. ಆದರೆ ರನ್ ಮಾಡಿದೊಡನೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ನಿಂತುಬಿಡುತ್ತದೆ. ಅದೇ ಫೈಲ್, ಅದೇ ಕಮಾಂಡ್ ಹೊಸ ಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಎರಡರಲ್ಲೂ ಇರುವುದು ಜಿಸಿಸಿ ಕಂಪೈಲರ್. ಯಾವ ಥ್ರೆಡ್ ಲೈಬ್ರರಿ ಬೇಕೆಂಬುದು ಎಲ್ಲಿ ತೀರ್ಮಾನವಾಗುತ್ತದೆ? ‘-ಪಿಥ್ರೆಡ್’ ಮತ್ತು ‘-ಎಲ್‌ಪಿಥ್ರೆಡ್’ ಎಂಬ ಫ್ಲ್ಯಾಗ್‌ಗಳು (ಕಮಾಂಡ್‌ಗೆ ಕೊಡುವ ಆಯ್ಕೆಗಳು) ಎರಡೂ ಒಂದೆಯೇ?

ಉತ್ತರ 1:
ತೀರ್ಮಾನದ ಮುಖ್ಯ ಭಾಗ ನೀವು ಕಮಾಂಡ್ ಕೊಡುವುದಕ್ಕಿಂತ ಬಹಳ ಮೊದಲೇ, ಅಂದರೆ ಜಿಸಿಸಿಯನ್ನೇ ಬಿಲ್ಡ್ ಮಾಡಿದಾಗ, ಮುಗಿದಿರುತ್ತದೆ. ‘ಜಿಸಿಸಿ -ವಿ’ ಎಂದು ಕೊಟ್ಟರೆ ಬರುವ ಔಟ್‌ಪುಟ್‌ನ ಕೊನೆಯ ಕಡೆಗೆ ‘ಥ್ರೆಡ್ ಮಾಡೆಲ್: ಪೋಸಿಕ್ಸ್’ ಎಂಬ ಸಾಲು ಕಾಣುತ್ತದೆ; ಪೋಸಿಕ್ಸ್ ಎಂದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡ, ಪಿಥ್ರೆಡ್ ಅದರ ಥ್ರೆಡ್ ಫಂಕ್ಷನ್‌ಗಳ ಗುಂಪು. ಆದರೆ ಮಾಡೆಲ್ ನಿಗದಿಯಾದ ಮಾತ್ರಕ್ಕೆ ಲೈಬ್ರರಿ ತಾನಾಗಿ ಸೇರುವುದಿಲ್ಲ. ಥ್ರೆಡ್ ಬಳಸದ ಪ್ರೋಗ್ರಾಮುಗಳಿಗೆ ಲಾಕಿಂಗ್‌ನ (ಥ್ರೆಡ್‌ಗಳು ಒಂದೇ ದತ್ತಾಂಶಕ್ಕೆ ಒಟ್ಟಿಗೆ ಕೈಹಾಕದಂತೆ ತಡೆಯುವುದರ) ಹೊರೆ ಬೀಳಬಾರದೆಂದು ಜಿಸಿಸಿಯ ಸಿ++ ಲೈಬ್ರರಿಯು ಪಿಥ್ರೆಡ್ ಫಂಕ್ಷನ್‌ಗಳನ್ನು ವೀಕ್ ಸಿಂಬಲ್‌ಗಳಾಗಿ ಉಲ್ಲೇಖಿಸುತ್ತಿತ್ತು. ಅವು ಸಿಗದಿದ್ದರೂ ಲಿಂಕರ್ ದೂರುವುದಿಲ್ಲ, ವಿಳಾಸ ಸೊನ್ನೆಯಾಗಿ ಉಳಿಯುತ್ತದೆ, ಥ್ರೆಡ್ ಶುರುಮಾಡುವಾಗ ಅದನ್ನು ಕಂಡ ಲೈಬ್ರರಿ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯುತ್ತದೆ. ನಿಮ್ಮ ಸರ್ವರಿನಲ್ಲಿ ಆಗುತ್ತಿರುವುದು ಇದೇ. ಮುಂದಿನ ಆವೃತ್ತಿಗಳಲ್ಲಿ ಇದೇ ಲೋಪ ಲಿಂಕ್ ಮಾಡುವಾಗಲೇ ಸಿಕ್ಕಿಬೀಳುವಂತೆ ಬದಲಾಯಿಸಿದರು. ಮೊದಲೇ ಹಾಗಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಎರಡು ಫ್ಲ್ಯಾಗ್‌ಗಳೂ ಒಂದೇ ಅಲ್ಲ. ‘-ಎಲ್‌ಪಿಥ್ರೆಡ್’ ಲಿಂಕರಿಗೆ ಒಂದು ಲೈಬ್ರರಿಯ ಹೆಸರನ್ನಷ್ಟೇ ಹೇಳುತ್ತದೆ, ಆಬ್ಜೆಕ್ಟ್ ಫೈಲುಗಳಿಗಿಂತ (ಕಂಪೈಲ್ ಆದ ತುಣುಕುಗಳಿಗಿಂತ) ಮೊದಲು ಬರೆದರೆ ಕೆಲವೊಮ್ಮೆ ಅದೂ ವ್ಯರ್ಥ. ‘-ಪಿಥ್ರೆಡ್’ ಕೊಟ್ಟರೆ ಲಿನಕ್ಸ್‌ನಲ್ಲಿ ‘_ರೀಎಂಟ್ರೆಂಟ್’ ಮ್ಯಾಕ್ರೋ (ಕಂಪೈಲ್ ಆಗುವಾಗ ಕೋಡ್ ನೋಡುವ ಗುರುತು) ಕೂಡ ಡಿಫೈನ್ ಆಗುತ್ತದೆ. ಆದ್ದರಿಂದ ಅದನ್ನು ಕಂಪೈಲ್, ಲಿಂಕ್ ಎರಡೂ ಹಂತಗಳಲ್ಲಿ ಕೊಡಬೇಕು. ಹೊಸ ಯಂತ್ರದ ಗುಟ್ಟು ಬಹುಶಃ ಕಂಪೈಲರಿನದಲ್ಲ, ಜಿಲಿಬ್‌ಸಿ ಎಂಬ ಲಿನಕ್ಸ್‌ನ ಸಿ ಲೈಬ್ರರಿಯದು: 2021ರ ಆಗಸ್ಟ್‌ನಲ್ಲಿ ಬಂದ 2.34ನೇ ಆವೃತ್ತಿಯಲ್ಲಿ ಪಿಥ್ರೆಡ್ ಫಂಕ್ಷನ್‌ಗಳನ್ನೆಲ್ಲ ಮುಖ್ಯ ಸಿ ಲೈಬ್ರರಿಯೊಳಕ್ಕೇ ಸೇರಿಸಲಾಯಿತು. ಹಳೆಯ ಮೇಕ್‌ಫೈಲುಗಳು (ಬಿಲ್ಡ್ ಸೂಚನೆಯ ಫೈಲುಗಳು) ಕೆಡದಿರಲೆಂದು ಪಿಥ್ರೆಡ್ ಹೆಸರಿನ ಖಾಲಿ ಸ್ಟ್ಯಾಟಿಕ್ ಲೈಬ್ರರಿಯೊಂದನ್ನು ಉಳಿಸಿದ್ದಾರೆ. ಹಾಗೆಂದು ಫ್ಲ್ಯಾಗ್ ಬಿಡಬೇಡಿ, ನಿಮ್ಮ ಕೋಡ್ ಹಳೆಯ ಸರ್ವರಿನಲ್ಲೂ ನಡೆಯಬೇಕಲ್ಲ.

ಉತ್ತರ 3:
ವಿಂಡೋಸ್‌ನಲ್ಲಿ ಮಿಂಗ್‌ಡಬ್ಲ್ಯೂ (ಜಿಸಿಸಿಯ ವಿಂಡೋಸ್ ರೂಪ) ಬಳಸುವವರಿಗೆ ಥ್ರೆಡ್ ಮಾಡೆಲ್‌ನ ಸಾಲು ಇನ್ನೂ ಮುಖ್ಯ. ಅಲ್ಲಿ ‘ಪೋಸಿಕ್ಸ್’ ಮಾಡೆಲ್‌ನ ಜಿಸಿಸಿ ವಿನ್‌ಪಿಥ್ರೆಡ್ಸ್ ಲೈಬ್ರರಿಯನ್ನು ಅವಲಂಬಿಸುತ್ತದೆ. ‘ವಿನ್32’ ಮಾಡೆಲ್‌ನ ಜಿಸಿಸಿಯಲ್ಲಿ 13ನೇ ಆವೃತ್ತಿಗಿಂತ ಮೊದಲು ಸ್ಟ್ಯಾಂಡರ್ಡ್ ಥ್ರೆಡ್ ಕ್ಲಾಸೇ ಇರಲಿಲ್ಲ, ಯಾವ ಫ್ಲ್ಯಾಗ್ ಕೊಟ್ಟರೂ ಪ್ರಯೋಜನವಿರಲಿಲ್ಲ. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುತ್ತಿದ್ದರೆ ಫ್ಲ್ಯಾಗನ್ನು ಕೈಯಾರೆ ಬರೆಯದೆ ‘ಥ್ರೆಡ್ಸ್’ ಪ್ಯಾಕೇಜನ್ನು ಹುಡುಕಿಸಿ, ‘ಥ್ರೆಡ್ಸ್::ಥ್ರೆಡ್ಸ್’ ಟಾರ್ಗೆಟ್‌ಗೆ ಲಿಂಕ್ ಮಾಡಿ. ಆಯಾ ಯಂತ್ರಕ್ಕೆ ಏನು ಬೇಕೋ ಅದನ್ನು ಅದೇ ಪರೀಕ್ಷಿಸಿ ಸೇರಿಸುತ್ತದೆ.