ಪಿಕಪ್ ಗೇರ್ ಆಯಿಲ್ ಮನೇಲೇ ಚೇಂಜ್ ಮಾಡ್ಬಹುದಾ?

ಗುರು, ಪೀಣ್ಯ ಕಡೆ ಲೋಡ್ ಹೊಡೆಯೋ ಪಿಕಪ್ ನಮ್ದು, ಬೆಳಗ್ಗೆ ಸೆಕೆಂಡ್ ಗೇರ್ ಬೀಳೋಕೆ ಒದ್ದಾಡುತ್ತೆ. ಆಯಿಲ್ ನಾನೇ ಚೇಂಜ್ ಮಾಡ್ಲಾ?

– ಮಾಡು ಬ್ರೋ, ಆದ್ರೆ ಮೊದ್ಲು ಮೇಲಿನ ಫಿಲ್ಲರ್ ಪ್ಲಗ್ (ಆಯಿಲ್ ಹಾಕೋ ತೂತಿನ ಬಿರಡೆ) ಬಿಚ್ಚುತ್ತಾ ನೋಡ್ಕೊ, ಅದು ಜಾಮ್ ಆಗಿದ್ದು ನೀನು ಕೆಳಗಡೆ ಡ್ರೈನ್ ಮಾಡ್ಬಿಟ್ರೆ ಹೊಸದು ಹಾಕೋಕೆ ದಾರಿನೇ ಇರಲ್ಲ, ಗಾಡಿ ಅಲ್ಲೇ ಠಿಕಾಣಿ. ಒಂದ್ ರೌಂಡ್ ಓಡಿಸಿ ಬೆಚ್ಚಗಿರುವಾಗ ಇಳ್ಸು. ಸಮ ನೆಲದಲ್ಲಿ ನಿಲ್ಸಿ ಫಿಲ್ಲರ್ ತೂತಿಂದ ಜಿನುಗೋವರೆಗೂ ಹಾಕು.

– ಡ್ರೈನ್ ಪ್ಲಗ್ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಇದ್ರೆ ಮಾಮೂಲಿ, ಕಬ್ಬಿಣದ ಚೂರು ಸಿಕ್ರೆ ಮೆಕ್ಯಾನಿಕ್‌ಗೆ ತೋರ್ಸು. ಹೊಸ ಆಯಿಲ್ ತರೋಕೆ ಜೆಸಿ ರೋಡ್‌ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗೋ ಮುಂಚೆ ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್ ಆಯಿಲ್ ಅಂತ ನೋಡ್ಕೊ. ಬರೀ ಜಾಕ್ ನಂಬ್ಕೊಂಡು ಕೆಳಗೆ ನುಗ್ಬೇಡ ಮಾರಾಯ.

– ಹಳೇ ಆಯಿಲ್ ಮೋರಿಗೆ ಸುರೀಬೇಡಪ್ಪ, ಕ್ಯಾನಲ್ಲಿ ತುಂಬಿ ಗ್ಯಾರೇಜ್‌ಗೆ ಕೊಡು.