ಹೊಡೆದಾಟ ಐದು ನಿಮಿಷ, ಮಾತು ಇಪ್ಪತ್ತು ನಿಮಿಷ. ಕುಸ್ತಿಯವರ ಈ ಪ್ರೋಮೋದಲ್ಲಿ, ಅಂದರೆ ಪಂದ್ಯಕ್ಕೆ ಮುಂಚಿನ ಮಾತಿನಲ್ಲಿ, ಅಂಥದ್ದೇನಿದೆ?

ಸಾಗರದ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಕ್ಕವನಿದ್ದಾಗ ನಮ್ಮಣ್ಣನ ಟ್ರಂಪ್ ಕಾರ್ಡ್ ಕಟ್ಟು ನೋಡಿ ಡಬ್ಲ್ಯುಡಬ್ಲ್ಯುಎಫ್ (ಅಮೆರಿಕದ ಟಿವಿ ಕುಸ್ತಿ ಕಂಪನಿ, ಈಗಿನ ಡಬ್ಲ್ಯುಡಬ್ಲ್ಯುಇ) ಪೈಲ್ವಾನರ ಎತ್ತರ, ತೂಕ, ಎದೆ ಸುತ್ತಳತೆ ಎಲ್ಲ ಬಾಯಿಪಾಠ ಮಾಡಿದ್ದೆ. ಆಮೇಲೆ ಆ ಹುಚ್ಚು ಬಿಟ್ಟೇ ಹೋಗಿತ್ತು. ಈಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಒಂದು ತಿಂಗಳಿಂದ ಮನೆಯಲ್ಲಿದ್ದೇನೆ. ಮೊಬೈಲಿನಲ್ಲಿ ಹಳೇ ತುಣುಕುಗಳು ಒಂದರ ಹಿಂದೆ ಒಂದು ಬರುತ್ತಿವೆ.

ಹೋದ ವಾರ ಸಿಕ್ಕಿದ್ದು 2017ರ ಆಗಸ್ಟಿನದು. ಜಾನ್ ಸೀನಾ ಮತ್ತು ರೋಮನ್ ರೇನ್ಸ್ ಪಂದ್ಯದ ಒಪ್ಪಂದಕ್ಕೆ ಸಹಿ ಹಾಕಬೇಕು. ಸಹಿ ಅನ್ನೋದು ನೆಪ, ಇಬ್ಬರೂ ಮೈಕ್ ಹಿಡಿದು ಬೈದಾಟಕ್ಕೆ ಇಳಿಯುತ್ತಾರೆ. ಮಧ್ಯದಲ್ಲಿ ರೇನ್ಸ್‌ಗೆ ಮಾತು ಮರೆತುಹೋಗುತ್ತದೆ. ಸೀನಾ ಬಿಡಲಿಲ್ಲ. ಹುಡುಕಿಕೋ, ನಾನು ಕಾಯುತ್ತೇನೆ ಅಂದುಬಿಟ್ಟ. ಇದಕ್ಕೆ ಪ್ರೋಮೋ ಅಂತಾರೆ ಮರಿ, ದೊಡ್ಡವನಾಗಬೇಕಾದರೆ ಇದನ್ನ ಕಲೀಬೇಕು ಅಂತ ಪಾಠ ಬೇರೆ. ಜನ ಹುಚ್ಚೆದ್ದು ಕೂಗಿದರು. ನಾನೂ ನಕ್ಕೆ.

ಆದರೆ ಒಂದು ವಿಚಿತ್ರ. ಅಷ್ಟು ಮಜಾ ಕೊಟ್ಟ ಮಾತು ಕೇಳಿದ ಮೇಲೂ ಅವರಿಬ್ಬರ ಪಂದ್ಯ ನೋಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅಲ್ಲೇ ಮುಗಿದುಹೋದ ಹಾಗಿತ್ತು. ಯಾಕೆ? ಮತ್ತೆ, ಯಾರು ಗೆಲ್ಲುವುದು ಅಂತ ಮೊದಲೇ ತೀರ್ಮಾನವಾಗಿರುವಾಗ ಈ ಬೈದಾಟ ಯಾತಕ್ಕೆ? ಎಲ್ಲ ಬರೆದುಕೊಟ್ಟದ್ದಾ? ತಿಳಿದವರು ಹೇಳಿ.

ಸ್ಟೋನ್‌ಕೋಲ್ಡ್ ಶಿವು:

ಗುರು, ನೀನು ತಪ್ಪು ಕಾಲದಿಂದ ಶುರು ಮಾಡಿದೀಯ. 1996ಕ್ಕೆ ಹೋಗು. ಜೂನ್ ತಿಂಗಳು, ಮಿಲ್ವಾಕಿ ಊರು, ಕಿಂಗ್ ಆಫ್ ದಿ ರಿಂಗ್ ಪಂದ್ಯಾವಳಿ. ಅವತ್ತು ಸ್ಟೀವ್ ಆಸ್ಟಿನ್ ಎರಡು ಸಲ ಕಣಕ್ಕಿಳಿಯಬೇಕಿತ್ತು. ಮೊದಲ ಪಂದ್ಯದಲ್ಲೇ ತುಟಿ ಹರಿದು ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದ. ಅಷ್ಟರಲ್ಲಿ ಫೈನಲ್ ಎದುರಾಳಿ ಜೇಕ್ ರಾಬರ್ಟ್ಸ್ ಬೈಬಲ್ ಧಾಟಿಯಲ್ಲಿ ಮಾತಾಡಿದ್ದ ಅನ್ನೋದು ಇವನ ಕಿವಿಗೆ ಬಿತ್ತು. ಗೆದ್ದ ಮೇಲೆ ಮೈಕ್ ಸಿಕ್ಕಿದ್ದೇ ತಡ, ನಿನ್ನ ಜಾನ್ 3:16 (ಬೈಬಲಿನ ಹೆಸರಾಂತ ವಾಕ್ಯದ ನಂಬರು) ಇರಲಿ, ಇದು ಆಸ್ಟಿನ್ 3:16 ಅಂದ. ಮುಗೀತು. ಅಲ್ಲಿಂದ ಟೀ ಶರ್ಟು, ಬೋರ್ಡು, ಎಲ್ಲಾ ಕಡೆ ಅದೇ ನಂಬರು.

ಇನ್ನು ರಾಕ್ ಅನ್ನೋ ಪೈಲ್ವಾನ, ಅದೇ ಡ್ವೇನ್ ಜಾನ್ಸನ್. ಎದುರಿನವನ ಹೆಸರು ಕೇಳೋದು, ಅವನು ಬಾಯಿ ತೆರೆಯೋ ಹೊತ್ತಿಗೆ ನಿನ್ನ ಹೆಸರು ಏನಾದರೇನು ಅಂತ ಗದರೋದು. ಅವನಿಗಿಂತ ದೊಡ್ಡ ಮಾತುಗಾರ ಹುಟ್ಟಿಲ್ಲ, ಹುಟ್ಟೋದೂ ಇಲ್ಲ.

ಮೈಕ್ ಮಂಜಣ್ಣ:

ತಮ್ಮಾ, ಮೊದಲು ಕಾಲು ಬೇಗ ವಾಸಿಯಾಗಲಿ.

ನಾನು ಕುಂದಾಪುರದ ಕಡೆಯವನು. ಹೊಟ್ಟೆಪಾಡಿಗೆ ಹಾರ್ಡ್‌ವೇರ್ ಅಂಗಡಿ. ಆದರೆ ಇಪ್ಪತ್ತೆರಡು ವರ್ಷದಿಂದ ಸುತ್ತಮುತ್ತಲ ಕಬಡ್ಡಿ ಪಂದ್ಯಾಟಗಳಲ್ಲಿ ಮೈಕ್ ಹಿಡಿಯುತ್ತೇನೆ, ವೀಕ್ಷಕ ವಿವರಣೆಗೆ. ಹಾಗಾಗಿ ನಾನು ಕುಸ್ತಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ನಿಮ್ಮ ಪ್ರಶ್ನೆಗೆ ಉತ್ತರ ನನ್ನದೇ ಒಂದು ಎಡವಟ್ಟಿನಲ್ಲಿದೆ.

ಒಂದು ವರ್ಷ ನಮ್ಮೂರಿನ ತಂಡ ಫೈನಲ್‌ಗೆ ಬಂದಿತ್ತು. ಎದುರಿಗೆ ಘಟ್ಟದ ಮೇಲಿನ ಹುಡುಗರು. ಅವರ ರೈಡರ್ ಒಬ್ಬ ಸಣಕಲು. ಅವನು ರೈಡಿಗೆ ಬಂದಾಗಲೆಲ್ಲ ನಾನು ಫ್ಯಾನ್ ಆಫ್ ಮಾಡಿ ಮಾರಾಯ್ರೆ, ಹಾರಿ ಹೋಗ್ತಾನೆ ಅಂತ ಒಂದೇ ಸಮ ಗೇಲಿ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ನಮ್ಮವರೇ ಗೆದ್ದರು. ಆದರೆ ಗೆದ್ದಾಗ ಮೈದಾನದಲ್ಲಿ ಕಾವೇ ಇಲ್ಲ. ಅರ್ಧ ಜನ ಆಗಲೇ ಚರುಮುರಿ ಗಾಡಿಯ ಹತ್ತಿರ ಹೋಗಿದ್ದರು. ರಾತ್ರಿ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ಅವರು ಲೆಕ್ಕಕ್ಕೇ ಇಲ್ಲ ಅಂತ ನೀನೇ ಮೈಕಿನಲ್ಲಿ ಸಾರಿದೆ. ಹಾಗಾದರೆ ನಮ್ಮ ಮಕ್ಕಳು ಗೆದ್ದದ್ದು ಯಾರ ಮೇಲೆ?" ಅಂದರು.

ಸೀನಾ ಮಾಡಿದ್ದು ಅದನ್ನೇ. ಮಾತಿನಲ್ಲಿ ಅವನನ್ನು ಮೀರಿಸುವುದು ಕಷ್ಟ. 2003ರ ಸುಮಾರಿಗೆ ರಾಪ್ ಹಾಡಿಕೊಂಡೇ ಎದುರಿನವನ ಮಾನ ಕಳೆಯುತ್ತಿದ್ದವನು ಅವನು. 2012ರಲ್ಲಿ ರಾಕ್ ತನ್ನ ಮಣಿಕಟ್ಟಿನ ಮೇಲೆ ಮಾತು ಬರೆದುಕೊಂಡು ಬಂದಿದ್ದಾನೆ ಅಂತ ಎಲ್ಲರೆದುರು ತೋರಿಸಿಕೊಟ್ಟ. ಎರಡೂ ಸಲ ಮಜಾ ಬಂತು, ನಿಜ. ಆದರೆ ರೇನ್ಸ್ ವಿಷಯದಲ್ಲಿ ಅವನು ಆಡಿದ್ದು ಪಂದ್ಯಕ್ಕೆ ಜನರನ್ನು ಕರೆಯುವ ಮಾತಲ್ಲ. ಪಂದ್ಯವನ್ನು ಅಲ್ಲೇ ಮುಗಿಸಿಬಿಟ್ಟ ಮಾತು. ಸೆಪ್ಟೆಂಬರ್‌ನಲ್ಲಿ ನಡೆದ ನಿಜವಾದ ಪಂದ್ಯದಲ್ಲಿ ಗೆದ್ದವನು ರೇನ್ಸ್. ಅದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ ಹೇಳಿ?

ಪ್ರೋಮೋ ಅಂದರೇನೇ ಪ್ರಚಾರ. ಎಪ್ಪತ್ತು, ಎಂಬತ್ತರ ದಶಕದ ಅಮೆರಿಕದಲ್ಲಿ ಟಿವಿಯ ಕುಸ್ತಿ ಹೆಚ್ಚೂಕಡಿಮೆ ಜಾಹೀರಾತು. ಸ್ಟುಡಿಯೋದಲ್ಲಿ ಹೆಸರಾಂತ ಪೈಲ್ವಾನ ಯಾರೋ ಹೆಸರಿಲ್ಲದವನನ್ನು ಎರಡು ನಿಮಿಷದಲ್ಲಿ ಮಲಗಿಸುತ್ತಿದ್ದ. ಅಸಲಿ ಪಂದ್ಯ ಬೇಕಾದರೆ ಟಿಕೆಟ್ ಕೊಂಡು ಬರಬೇಕು. ಆ ಟಿಕೆಟ್ ಮಾರುವ ಕೆಲಸ ನಾಲಿಗೆಯದು. ಒಂದೇ ದಿನ ಕ್ಯಾಮೆರಾ ಮುಂದೆ ನಿಂತು ಊರಿಗೊಂದರಂತೆ ಸಾಲಾಗಿ ಮಾತು ಹೇಳಿ ಹೋಗುತ್ತಿದ್ದರು. ಸಿಟ್ಟು ಅದೇ. ಊರಿನ ಹೆಸರು, ತಾರೀಕು ಮಾತ್ರ ಬೇರೆ. ನಮ್ಮಲ್ಲಿ ಜೀಪಿಗೆ ಮೈಕ್ ಕಟ್ಟಿ ಮೇಳದ ಆಟ ಇವತ್ತು ರಾತ್ರಿ ಅಂತ ಸಾರಿಕೊಂಡು ಹೋಗುತ್ತಿದ್ದರಲ್ಲ, ಹಾಗೆ. ಜೀಪಿನಲ್ಲಿ ಕೌರವನೇ ಕೂತು ಭೀಮನನ್ನು ಬೈಯುತ್ತಾ ಬಂದರೆ ಹೇಗಿರುತ್ತದೆ, ಯೋಚಿಸಿ.

ಕೆಟ್ಟವನಿಗೆ ಈ ಕೆಲಸದಲ್ಲಿ ಸುಖ ಜಾಸ್ತಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ವಾರವಿಡೀ ಕೊಚ್ಚಿಕೊಳ್ಳಬಹುದು. ಅವನ ಬಾಯಿ ಮುಚ್ಚಿಸುವುದನ್ನು ನೋಡಲಿಕ್ಕೇ ಜನ ದುಡ್ಡು ಕೊಡುತ್ತಾರೆ. ಈ ಗುಟ್ಟನ್ನು 1961ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬ ಹರೆಯದ ಬಾಕ್ಸರನಿಗೆ ಕಲಿಸಿದ್ದು ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟು. ಬಣ್ಣ ಹಚ್ಚಿದ ಗುಂಗುರು ಕೂದಲಿನ, ಸೊಕ್ಕಿನ ಮನುಷ್ಯ. ಆ ಬಾಕ್ಸರ್ ಆಮೇಲೆ ಮುಹಮ್ಮದ್ ಅಲಿ ಆದ.

ಈಗ ನಿಮಗೊಂದು ಮನೆಗೆಲಸ. 1985ರ ಅಕ್ಟೋಬರ್, ಡಸ್ಟಿ ರೋಡ್ಸ್. ಕಷ್ಟದ ದಿನಗಳು, ಅಂದರೆ ಇಂಗ್ಲಿಷಿನಲ್ಲಿ ಹಾರ್ಡ್ ಟೈಮ್ಸ್ ಅಂತ ಹುಡುಕಿದರೆ ಸಿಗುತ್ತದೆ. ಡಸ್ಟಿ ಟೆಕ್ಸಸ್‌ನ ಒಬ್ಬ ಪ್ಲಂಬರನ ಮಗ. ಹೊಟ್ಟೆ ಮುಂದೆ ಬಂದಿತ್ತು, ಮಾತಿನಲ್ಲಿ ತೊದಲು. ಎದುರಾಳಿ ರಿಕ್ ಫ್ಲೇರ್. ದುಬಾರಿ ಸೂಟು, ಚಿನ್ನದ ವಾಚು, ಉದ್ದನೆ ಕಾರು, ವಿಮಾನ ಇದರ ಬಗ್ಗೆಯೇ ಮಾತಾಡುವವನು. ಫ್ಲೇರ್ ಮತ್ತು ಅವನ ಜೊತೆಯವರು ಡಸ್ಟಿಯ ಕಾಲು ಮುರಿದಿದ್ದರು ಅನ್ನೋದು ಕಥೆ. (ನಿಮ್ಮ ಹಾಗೇ.) ಡಸ್ಟಿ ಬಂದು ಮೈಕ್ ಮುಂದೆ ನಿಂತ. ಫ್ಲೇರನಿಗೆ ಮಾನ ಮರ್ಯಾದೆ ಇಲ್ಲ ಅಂತ ಒಂದೆರಡು ಮಾತಿನಲ್ಲಿ ಮುಗಿಸಿದ, ಗೇಲಿಗೆ ಇಳಿಯಲಿಲ್ಲ. ಆಮೇಲೆ, ನೀನು ನನಗೆ ಕಷ್ಟ ಕೊಟ್ಟೆ, ಆದರೆ ಕಷ್ಟ ಅಂದರೆ ಏನು ಗೊತ್ತಾ ಅಂತ ಶುರು ಮಾಡಿದ. ಬಟ್ಟೆ ಗಿರಣಿಯ ಕೆಲಸ ಹೋಗಿ ನಾಲ್ಕೈದು ಮಕ್ಕಳಿಗೆ ಊಟ ಹಾಕಲಾಗದವನು. ಕಾರು ಕಾರ್ಖಾನೆಯವನು, ಮನೆಗೆ ಹೋಗು ಅನ್ನಿಸಿಕೊಂಡವನು. ಮೂವತ್ತು ವರ್ಷ ದುಡಿದವನ ಕೈಗೆ ಒಂದು ವಾಚು ಕೊಟ್ಟು, ನಿನ್ನ ಜಾಗಕ್ಕೆ ಕಂಪ್ಯೂಟರ್ ಬಂತು ಅಂತ ಹೊರಗೆ ಕಳಿಸುವುದು.

ಕೇಳುತ್ತಿದ್ದವರು ಯಾರು? ಕ್ಯಾರೊಲೈನಾ, ಜಾರ್ಜಿಯಾ ಕಡೆಯ ಜನ. ಆ ವರ್ಷಗಳಲ್ಲಿ ಅಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಕೊನೆಗೆ ಡಸ್ಟಿ ಕ್ಯಾಮೆರಾ ಕಡೆ ಕೈ ಚಾಚಿ, ಮನೆಯಲ್ಲಿ ಕೂತವರೇ, ನನ್ನ ಕೈ ನಿಮ್ಮ ಕೈಗೆ ತಾಗಿದೆ ಅಂದ. ಬರೇ ಮೂರು ನಿಮಿಷದ ಮಾತು. ಅವತ್ತಿಂದ ಅದು ಇಬ್ಬರು ಪೈಲ್ವಾನರ ಜಗಳವಾಗಿ ಉಳಿಯಲಿಲ್ಲ. ಫ್ಲೇರ್ ಚಿಕ್ಕವನೂ ಆಗಲಿಲ್ಲ. ಅವನ ವಾಚು, ಸೂಟು ಇನ್ನೂ ದೊಡ್ಡದಾಗಿ ಕಂಡವು.

ಶಿವು, ನಿಮ್ಮ ರಾಕ್ ಬಗ್ಗೆ ಒಂದು ಮಾತು. 1999ರಲ್ಲಿ ಬಿಲ್ಲಿ ಗನ್ ಎಂಬುವನನ್ನು ದೊಡ್ಡವನನ್ನಾಗಿ ಮಾಡುವ ಯೋಜನೆ ಇತ್ತು. ರಾಕ್ ಅವನನ್ನು ಎಷ್ಟು ಗೇಲಿ ಮಾಡಿದ ಅಂದರೆ ಅವನು ಮತ್ತೆ ಒಬ್ಬಂಟಿಯಾಗಿ ಆ ಎತ್ತರಕ್ಕೆ ಏರಲೇ ಇಲ್ಲ. ನಕ್ಕವರಲ್ಲಿ ನಾನೂ ಒಬ್ಬ. ಆದರೆ ಫ್ಯಾನ್ ಆಫ್ ಮಾಡಿ ಅಂದ ದಿನ ನೆನಪಾಗುತ್ತದೆ.

ಸ್ಟೋನ್‌ಕೋಲ್ಡ್ ಶಿವು:

ಮಂಜಣ್ಣ, ರಾಕ್ ತಂಟೆಗೆ ಬರಬೇಡಿ. 😄 ಅವನು 1996ರಲ್ಲಿ ನಗುಮುಖದ ಒಳ್ಳೆ ಹುಡುಗನಾಗಿ ಬಂದಾಗ ಜನ ಸಾಯಿ ಅಂತ ಕೂಗಿದ್ದರು. ಮಾತಿನಿಂದಲೇ ಅವರ ಬಾಯಲ್ಲಿ ಜೈ ಅನ್ನಿಸಿಕೊಂಡ. ಅದು ಸಣ್ಣದಾ? ಬಿಲ್ಲಿ ಗನ್ ವಿಷಯದಲ್ಲಿ ಮಾತ್ರ ಸುಮ್ನಿರ್ತೀನಿ.

ಅರ್ಥದ ಮೇಷ್ಟ್ರು:

ನಾನು ಕುಸ್ತಿ ನೋಡುವವನಲ್ಲ. ಮಗ ನೋಡುತ್ತಾನೆ, ಅವನೇ ಈ ಚರ್ಚೆ ತೋರಿಸಿದ. ತಾಳಮದ್ದಳೆಯಲ್ಲಿ ನಾನು ಹವ್ಯಾಸಕ್ಕೆ ಅರ್ಥ ಹೇಳುತ್ತೇನೆ.

ಯಾರು ಗೆಲ್ಲುವುದು ಅಂತ ಮೊದಲೇ ಗೊತ್ತಿದ್ದರೆ ಮಾತೇಕೆ ಅಂತ ಕೇಳಿದ್ದೀರಿ. ವಾಲಿ ಸಾಯುತ್ತಾನೆ ಅಂತ ನಮ್ಮ ಸಭೆಯಲ್ಲಿ ಮಗುವಿಗೂ ಗೊತ್ತು. ಬಾಣ ಬಿದ್ದಾಗಿದೆ. ಆದರೂ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ಕೇಳುವಾಗ, ಅರ್ಧ ಗಂಟೆ ಮಟ್ಟಿಗೆ ಸಭೆ ವಾಲಿಯ ಕಡೆಗೆ ವಾಲಬೇಕು. ವಾಲದಿದ್ದರೆ ರಾಮನ ಉತ್ತರಕ್ಕೆ ಬೆಲೆಯೇ ಇಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತೂ ಇಲ್ಲ. ಭಾಗವತರ ಪದ್ಯ ಒಂದು ಇದೆ, ಉಳಿದದ್ದು ನಮ್ಮದು. ಎದುರಿನವನು ಮಾತು ತಪ್ಪಿದರೆ ನಾವು ನಗುವುದಿಲ್ಲ. ಒಂದು ಎಳೆ ಕೊಟ್ಟು ದಾರಿಗೆ ತರುತ್ತೇವೆ. ಎಲ್ಲರೂ ತರುತ್ತಾರೆ ಅಂದರೆ ಸುಳ್ಳಾದೀತು. ಎದುರಿನವನನ್ನು ಕೆಡವಿ ಚಪ್ಪಾಳೆ ಗಿಟ್ಟಿಸುವವರು ನಮ್ಮಲ್ಲೂ ಇದ್ದಾರೆ. ಆ ದಿನ ಪ್ರಸಂಗ ಕುಂಟುತ್ತದೆ.

ಸಾಗರದ ಹುಡುಗ:

ಮೇಷ್ಟ್ರೇ, ಇದು ಹೊಳೆದೇ ಇರಲಿಲ್ಲ. ಮಂಜಣ್ಣ, ಬರೆದುಕೊಟ್ಟದ್ದೋ ಅಲ್ಲವೋ ಅನ್ನೋದಕ್ಕೆ ನೀವು ಉತ್ತರ ಕೊಡಲಿಲ್ಲ.

ಮೈಕ್ ಮಂಜಣ್ಣ:

ಹೌದು ಮಾರಾಯ್ರೆ, ಡಸ್ಟಿ ಹೆಸರು ಬಂದರೆ ನಾನು ದಾರಿ ತಪ್ಪುತ್ತೇನೆ.

ಮೊದಲೆಲ್ಲ ಪೂರ್ತಿ ಬರೆದುಕೊಡುತ್ತಿರಲಿಲ್ಲ. ಇಂಥ ಊರು, ಇಂಥವನ ಜೊತೆ ಪಂದ್ಯ, ಈ ಎರಡು ವಿಷಯ ಬರಲಿ ಅಂತ ಹೇಳಿದರೆ ಮುಗಿಯಿತು. ನಂತರ ಡಬ್ಲ್ಯುಡಬ್ಲ್ಯುಇ ಸಂಬಳಕ್ಕೆ ಬರಹಗಾರರನ್ನು ಇಟ್ಟಿತು, ಹೆಚ್ಚಿನವರಿಗೆ ಸಾಲು ಸಾಲಾಗಿ ಬರೆದುಕೊಡುವುದು ಶುರುವಾಯಿತು. ಬಾಯಿಪಾಠದ ಮಾತು ಗೊತ್ತಾಗಿಬಿಡುತ್ತದೆ. ಜನ ಕೂಗುವಾಗಲೂ ನಿಲ್ಲಿಸದೆ ಹೇಳುತ್ತಾ ಹೋಗುತ್ತಾರೆ. ಮೈಕ್ ಹಿಡಿದವನಿಗೆ ಗೊತ್ತಿರಬೇಕಾದ ಮೊದಲ ಪಾಠ, ಗದ್ದಲ ಎದ್ದಾಗ ಬಾಯಿ ಮುಚ್ಚಿ ನಿಲ್ಲುವುದು. ಶಿವು ಹೇಳಿದ ಜೇಕ್ ರಾಬರ್ಟ್ಸ್ ಕೂಗುತ್ತಲೇ ಇರಲಿಲ್ಲ. ಮೆಲ್ಲಗೆ, ಗುಟ್ಟು ಹೇಳುವ ಹಾಗೆ. ಜನ ಕಿವಿ ಮುಂದೆ ಮಾಡಿ ಕೇಳಬೇಕು.

ಬರೆದದ್ದಾ ನಿಜವಾ ಅಂತ ಇವತ್ತಿಗೂ ಜನ ಕಿತ್ತಾಡುವುದು ಸಿಎಂ ಪಂಕ್ ಎಂಬ ಪೈಲ್ವಾನನ ಮಾತಿನ ಬಗ್ಗೆ. 2011ರ ಜೂನ್ 27. ಆಸ್ಟಿನ್ ಚಿತ್ರದ ಟೀ ಶರ್ಟ್ ಹಾಕಿಕೊಂಡು ವೇದಿಕೆಯ ತುದಿಯಲ್ಲಿ ಚಕ್ಕಂಬಟ್ಟಲು ಹಾಕಿ ಕೂತ. ನನ್ನ ಕರಾರು ಜುಲೈ 17ಕ್ಕೆ ಮುಗಿಯುತ್ತದೆ, ನಿಮ್ಮ ಚಾಂಪಿಯನ್ ಪಟ್ಟ ಎತ್ತಿಕೊಂಡೇ ಹೋಗುತ್ತೇನೆ ಅಂದ. ಕಂಪನಿಯ ಯಜಮಾನ, ಅವನ ಮಗಳು, ಅಳಿಯ, ಯಾರನ್ನೂ ಬಿಡಲಿಲ್ಲ. ಕೊನೆಗೆ ಮೈಕ್ ಸತ್ತುಹೋಯಿತು. ಮೈಕ್ ಸಾಯುವುದೂ ಯೋಜನೆಯ ಭಾಗವೇ. ಆದರೆ ಒಳಗಿನ ಕಹಿ ಅವನದೇ. ಅದಕ್ಕೇ ನಾಟಿತು. ಜುಲೈ 17ಕ್ಕೆ ಅವನ ಸ್ವಂತ ಊರು ಶಿಕಾಗೋದ ಪಕ್ಕದಲ್ಲೇ ಸೀನಾ ಜೊತೆ ಪಂದ್ಯ. ಆ ಗದ್ದಲದ ವಿಡಿಯೋ ನೋಡಿ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನಗೆ ಅಂಥ ಮೈದಾನ ಸಿಕ್ಕಿಲ್ಲ, ಹೊಟ್ಟೆಕಿಚ್ಚಾಗುತ್ತದೆ.

ಇನ್ನು ನಿಮ್ಮ ರೋಮನ್ ರೇನ್ಸ್. ಮಾತು ಮರೆತ ಅದೇ ಮನುಷ್ಯ 2020ರಲ್ಲಿ ಕೆಟ್ಟವನಾಗಿ ವಾಪಸ್ ಬಂದ, ಪಕ್ಕದಲ್ಲಿ ಪಾಲ್ ಹೇಮನ್. ಹೆಚ್ಚಿನ ಮಾತು ಹೇಮನ್ ಆಡುತ್ತಿದ್ದ. ಇವನು ಬಂದು, ಮೈಕ್ ಹಿಡಿದು, ಸುಮ್ಮನೆ ನಿಲ್ಲುತ್ತಿದ್ದ. ಅರ್ಧ ನಿಮಿಷ. ಒಂದು ನಿಮಿಷ. ಆಮೇಲೆ ನನ್ನನ್ನು ಒಪ್ಪಿಕೊಳ್ಳಿ ಅಂತ ಒಂದೇ ಸಾಲು. 2017ರಲ್ಲಿ ಅವನ ಮಾನ ಕಳೆದ ಅದೇ ಮೌನ, ಈಗ ಅವನದೇ ಆಯುಧ. 1,316 ದಿನ ಪಟ್ಟ ಇಟ್ಟುಕೊಂಡಿದ್ದ. 2024ರ ಏಪ್ರಿಲ್‌ನಲ್ಲಿ ಅದನ್ನು ಕಿತ್ತುಕೊಂಡವನು ಕೋಡಿ ರೋಡ್ಸ್. ಯಾರು ಅಂತೀರಾ? ನಮ್ಮ ಡಸ್ಟಿಯ ಮಗ.

ಡಸ್ಟಿ ಕೊನೆಯ ವರ್ಷಗಳಲ್ಲಿ ಫ್ಲಾರಿಡಾದಲ್ಲಿ ಹೊಸಬರಿಗೆ ಮೈಕ್ ಹಿಡಿಯುವುದನ್ನು ಕಲಿಸುತ್ತಿದ್ದರು. 2015ರಲ್ಲಿ ತೀರಿಕೊಂಡರು. ನೋಡಿ, ಮತ್ತೆ ಡಸ್ಟಿಗೇ ಬಂದೆ.

ಸಾಗರದ ಹುಡುಗ:

ಮನೆಗೆಲಸ ಮಾಡಿದೆ. ನಿನ್ನೆ ರಾತ್ರಿ ಟಿವಿಗೇ ಹಾಕಿಕೊಂಡು ನೋಡಿದೆ. ಅಪ್ಪ ಪಕ್ಕದಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರೋ ಇದು ಇಷ್ಟು ದಪ್ಪದ ಪೈಲ್ವಾನ ಅಂದರು. ಮೂವತ್ತು ವರ್ಷ, ವಾಚು, ಕಂಪ್ಯೂಟರ್ ಅನ್ನೋ ಜಾಗ ಬಂದಾಗ ಅಡಕತ್ತರಿ ನಿಂತಿತು. ಏನಂದ, ಇನ್ನೊಂದು ಸಲ ಹಾಕು ಅಂದರು. ಹಾಕಿ, ಗೊತ್ತಾದಷ್ಟು ಕನ್ನಡದಲ್ಲಿ ಹೇಳಿದೆ. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು, ಕಂಪ್ಯೂಟರ್ ಬರುವವರೆಗೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಆಮೇಲೆ? ಆ ಸೂಟಿನವನ ಮೇಲೆ ಗೆದ್ದನಾ?"

ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹುಡುಕಿದೆವು. 1985ರ ನವೆಂಬರ್, ಅಟ್ಲಾಂಟ. ಡಸ್ಟಿ ಗೆದ್ದ, ಜನ ಕುಣಿದರು, ಆಮೇಲೆ ಫ್ಲೇರ್ ಕಡೆಯವರು ನಡುವೆ ನುಗ್ಗಿದ್ದಕ್ಕೆ ತೀರ್ಪು ಬದಲಾಗಿ ಪಟ್ಟ ಫ್ಲೇರ್ ಹತ್ತಿರವೇ ಉಳಿಯಿತು ಅಂತ ಓದಿ ಹೇಳಿದೆ. ಅಪ್ಪ ಮೂಗು ಮುರಿದರು. ಪೂರ್ತಿ ಪಂದ್ಯ ಎಲ್ಲಿ ಸಿಗುತ್ತೆ ಮಂಜಣ್ಣ? ಭಾನುವಾರ ನೋಡಬೇಕಂತೆ.